ಮೂರು ಮನೆಗೆ ಒಂದೇ ಲೈನು

ಸುಂದರಾಬಾಯಿ ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಬಂದಿಳಿದರು. ತಮ್ಮನ ಮನೆಯ ಸಮಾರಾಧನೆಗೆ ಹೋಗಿದ್ದವರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮಗನಿಗೆಂದು ಹಾಕಿಸಿಕೊಂಡ ಹಯಗ್ರೀವದ ಡಬ್ಬಿ.

ಮನೆ ಶ್ರೀನಿವಾಸಪುರದ ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ. ಕೆಳಗೆ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ಬಾಡಿಗೆಯವರು. ಮೇಲೆ ತಾರಸಿಯಲ್ಲಿ ಒಂದೇ ಕೋಣೆ, ಒಂದು ಬಚ್ಚಲು. ಅದು ಮಗ ಶ್ರೀರಾಮನದು. ಕೆಳಗಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಡುಗೆಮನೆಯಲ್ಲಿ ಅವರು ಮಾಡಿಟ್ಟು ಹೋಗಿದ್ದ ಹುಳಿ ಹಾಗೇ ಇತ್ತು, ಹಳಸಿ ಬುರುಗು ಬಂದಿತ್ತು. ಕೂಗಿದರು. ಉತ್ತರವಿಲ್ಲ. ಹೊರಗಿನ ಮೆಟ್ಟಿಲು ಹತ್ತಿದರು.

ಕೋಣೆಯ ಹೊಸ್ತಿಲು ದಾಟಿ ಕಪ್ಪಗೆ ಏನೋ ಹರಿದು ಬಂದು ಒಣಗಿತ್ತು. ಅದರ ಮೇಲೆ ಇರುವೆ ಮುತ್ತಿತ್ತು.

ಬಾಗಿಲು ತಳ್ಳಿದರು. ಡಬ್ಬಿ ಕೈಯಿಂದ ಜಾರಿ ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತ ಅಂಗಳಕ್ಕೆ ಉರುಳಿತು. ಡಬ್ಬಿಯ ಸದ್ದಿಗೆ ಎದುರು ಮನೆಯ ಮುಕುಂದ್ ಓಡಿ ಬಂದ. ಠಾಣೆಗೆ ಫೋನು ಮಾಡಿದವನೂ ಅವನೇ.

* * *

ಅದು 2007ರ ಜೂನ್. ಮಾವಿನ ಲಾರಿಗಳಿಂದ ಊರು ಗಿಜಿಗುಡುತ್ತಿದ್ದ ಕಾಲ. ಸಬ್ ಇನ್ಸ್‌ಪೆಕ್ಟರ್ ಗಂಗಾಲಕ್ಷ್ಮಿ ಜೀಪನ್ನು ಬೀದಿಯ ತುದಿಯಲ್ಲೇ ಬಿಟ್ಟು ನಡೆದು ಬಂದಳು. ಕ್ಯಾಲನೂರಿನವಳು. ಡೇರಿಗೆ ಹಾಲು ಹಾಕಿ ಮಗಳನ್ನು ಓದಿಸಿದ ಮನೆ ಅವಳದು. ಜೊತೆಗಿದ್ದವರು ಹೆಡ್ ಕಾನ್‌ಸ್ಟೇಬಲ್ ಗಂಗುಲಪ್ಪ. ಮಾತು ಕನ್ನಡದಲ್ಲಿ ಶುರುವಾದರೂ ಗಾಬರಿಯಾದರೆ ತೆಲುಗಿಗೆ ಹೊರಳುವ ಹಳೆಯ ಮನುಷ್ಯ. ಕೋಣೆಯೊಳಗೆ ಕಾಲಿಟ್ಟವರು, “ದೇವುಡಾ” ಎಂದು ಗೋಡೆಗೆ ಆತುಕೊಂಡರು.

ಶ್ರೀರಾಮ್ ಮಂಚದ ಪಕ್ಕ ಅಂಗಾತ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ಬಲಗೈಯ ಬೆರಳುಗಳು ಮುರಿದು ಹಿಂದಕ್ಕೆ ಬಾಗಿದ್ದವು. ಹೊಡೆತಕ್ಕೆ ಕೈ ಅಡ್ಡ ಹಿಡಿದಿದ್ದಾನೆ. ಗೋಡೆಯ ಮೇಲೆ, ಪುಸ್ತಕಗಳ ಮೇಲೆ, ಚಾವಣಿಯ ತನಕ ರಕ್ತ ಚಿಮ್ಮಿತ್ತು. ಜೀವ ಹೋದ ಮೇಲೂ ಹೊಡೆದಿದ್ದಾರೆ ಎಂದರು ಡಾಕ್ಟರು. ಕಬ್ಬಿಣದ ಸರಳಿನಂಥ ಆಯುಧ. ಹಿಂದಿನ ದಿನ ಮಧ್ಯಾಹ್ನ ನಡೆದಿರಬೇಕು.

ಕಂಪ್ಯೂಟರ್ ಪುಡಿಪುಡಿಯಾಗಿತ್ತು. ಪರದೆ ಒಡೆದು ಗಾಜು ಹೆಣದ ಮೇಲೆಲ್ಲ ಹರಡಿತ್ತು. ಇಂಟರ್ನೆಟ್ಟಿನ ಮೋಡೆಮ್ ಅಪ್ಪಚ್ಚಿ. ಅದರ ಪಕ್ಕದ ಸಣ್ಣ ಡಬ್ಬಿ ಮಾತ್ರ ಗೋಡೆಯ ಮೊಳೆಗೆ ಜೋತುಬಿದ್ದಿತ್ತು. ಅದಕ್ಕೆ ಸಿಕ್ಕಿಸಿದ ವೈರುಗಳು ಸಿಕ್ಕಿಸಿದಂತೆಯೇ ಇದ್ದವು.

ಗಂಗಾಲಕ್ಷ್ಮಿ ಮಂಡಿಯೂರಿ ಕಂಪ್ಯೂಟರಿನ ಪೆಟ್ಟಿಗೆ ನೋಡಿದಳು. ಅದನ್ನು ಒಡೆದಿದ್ದರು ನಿಜ. ಆದರೆ ಒಂದು ಪಕ್ಕದ ತಗಡನ್ನು ಮಾತ್ರ ತಿರುಪು ಬಿಚ್ಚಿ ತೆಗೆದಿದ್ದರು. ಒಳಗೆ ಒಂದು ಜಾಗ ಖಾಲಿ. ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಭಾಗ, ಹಾರ್ಡ್ ಡಿಸ್ಕ್, ಅಲ್ಲಿರಲಿಲ್ಲ.

ಸತ್ತವನ ಪ್ಯಾಂಟಿನ ಜೇಬಿನಲ್ಲಿ ಒಂದು ಕಟಿಂಗ್ ಪ್ಲೇಯರ್ ಸಿಕ್ಕಿತು. ಜೇಬು ರಕ್ತದಲ್ಲಿ ನೆನೆದು ಪ್ಲೇಯರಿಗೆ ಅಂಟಿಕೊಂಡು ಒಣಗಿತ್ತು. ಬಟ್ಟೆಯನ್ನು ಕತ್ತರಿಸಿಯೇ ಅದನ್ನು ಬಿಡಿಸಬೇಕಾಯಿತು. ಅದರ ಬಾಯಲ್ಲಿ ಉಗುರಿನಷ್ಟು ನೀಲಿ ಪ್ಲಾಸ್ಟಿಕ್ ಚೂರು ಕಚ್ಚಿಕೊಂಡಿತ್ತು. ಪಂಚರ ಮುಂದೆ ಲಕೋಟೆಗೆ ಹಾಕಿ ಸೀಲು ಮಾಡಿದರು.

“ಹೊಡೆಯೋಕೆ ಬಂದವನಿಗೆ ತೋರ್ಸಿ ಹೆದ್ರಿಸೋಕೆ ಇಟ್ಕೊಂಡಿದ್ದ ಅನ್ಸುತ್ತೆ,” ಎಂದರು ಗಂಗುಲಪ್ಪ.

ಗಂಗಾಲಕ್ಷ್ಮಿ ಹೆಣದ ಮುಖ ನೋಡಿದಳು. ಈ ಹುಡುಗ ವಾರದ ಹಿಂದೆ ತನ್ನ ಎದುರು ಕುರ್ಚಿಯಲ್ಲಿ ಕೂತಿದ್ದ.

* * *

ಆ ವಿಷಯ ಹೀಗೆ. ಹಿಂಭಾಗದ ಬಾಡಿಗೆ ಮನೆಯಲ್ಲಿ ಚಿತ್ರಾ ಎಂಬ ಹುಡುಗಿ ಇದ್ದಳು. ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಮದುವೆ ಪತ್ರಿಕೆ, ಕರಪತ್ರ ಟೈಪು ಮಾಡಿಕೊಡುತ್ತಿದ್ದಳು. ಮಾಲೂರಿನ ಹುಡುಗನೊಂದಿಗೆ ನಿಶ್ಚಿತಾರ್ಥವಾಗಿತ್ತು. ಒಂದು ದಿನ ಆ ಹುಡುಗನಿಗೆ ಯಾರೋ ಈಮೇಲಿನಲ್ಲಿ ಫೋಟೋಗಳನ್ನು ಕಳಿಸಿದರು. ಚಿತ್ರಾ ಸ್ನಾನ ಮಾಡುತ್ತಿದ್ದ ಫೋಟೋಗಳು. ಮದುವೆ ಮುರಿಯಿತು. ಅವಳ ಅಣ್ಣ ಕದಿರೇಶ, ಟೆಂಪೋ ಡ್ರೈವರ್, ಠಾಣೆಗೆ ಬಂದು ದೂರು ಕೊಟ್ಟ. ಈಮೇಲ್ ಹೋದದ್ದು ಶ್ರೀರಾಮನ ಹೆಸರಿನ ಬ್ರಾಡ್‌ಬ್ಯಾಂಡ್ ಲೈನಿನಿಂದ ಎಂದು ಬೆಂಗಳೂರಿನಿಂದ ಉತ್ತರ ಬಂತು.

ಗಂಗಾಲಕ್ಷ್ಮಿ ಶ್ರೀರಾಮನನ್ನು ಕರೆಸಿದ್ದಳು. ಅವನು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೆದು ಸ್ವಭಾವದ ಹುಡುಗ. ಬೆವರುತ್ತಿದ್ದ, ಆದರೆ ಸ್ಪಷ್ಟವಾಗಿ ಹೇಳಿದ. ಲೈನು ತನ್ನದೇ. ಆದರೆ ಅದನ್ನು ಬಳಸುವುದು ಮೂರು ಕಂಪ್ಯೂಟರು. ಮೋಡೆಮ್ ಪಕ್ಕದಲ್ಲಿ ಲೈನು ಹಂಚುವ ಡಬ್ಬಿಯಿಂದ ಒಂದು ವೈರು ತನ್ನದಕ್ಕೆ, ಬೂದು ಬಣ್ಣದ್ದು ಕೆಳಗೆ ಚಿತ್ರಾಳ ಮನೆಗೆ, ನೀಲಿಯದು ಬೀದಿ ದಾಟಿ ಎದುರಿನ ಮುಕುಂದನ ಮನೆಗೆ.

“ಬೀದಿ ಕೊಳಾಯಿ ಇದ್ದ ಹಾಗೆ ಮೇಡಂ,” ಎಂದಿದ್ದ. “ಯಾವ ಕೊಳಾಯಿ ನೀರು ಅಂತ ಹೊರಗಿನೋರಿಗೆ ಗೊತ್ತಾಗುತ್ತೆ. ಯಾರ ಬಿಂದಿಗೆಗೆ ಹೋಯ್ತು ಅಂತ ಗೊತ್ತಾಗಲ್ಲ. ಸ್ವಲ್ಪ ದಿನ ಕೊಡಿ, ನಾನೇ ಹುಡುಕಿ ಹೇಳ್ತೀನಿ.”

ಅವಳು ಒಪ್ಪಿದ್ದಳು. ಆದರೆ ಸುದ್ದಿ ಠಾಣೆಯಿಂದ ಸೋರಿತು. ಮರುದಿನವೇ ಕದಿರೇಶ ಮಂಡಿಯ ಎದುರು ಶ್ರೀರಾಮನನ್ನು ಹಿಡಿದು, ಲಾರಿಗೆ ಒರಗಿಸಿ, ಮೂಗು ಒಡೆಯುವಂತೆ ಹೊಡೆದ. ಇನ್ನೊಂದು ಸಲ ಸಿಕ್ಕರೆ ಜೀವಸಹಿತ ಬಿಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ಶ್ರೀರಾಮ್ ದೂರು ಕೊಡಲಿಲ್ಲ. ಕದಿರೇಶ ತಂಗಿಯ ಬಾಗಿಲಿಗೆ ಬೀಗ ಜಡಿದು ಅವಳನ್ನು ರಾಯಲ್ಪಾಡಿನ ಹತ್ತಿರದ ತನ್ನ ಹಳ್ಳಿಗೆ ಕರೆದೊಯ್ದ.

ಈಗ ಶ್ರೀರಾಮ್ ಹೆಣವಾಗಿದ್ದ. ಊರಿಗೆ ಊರೇ ಒಂದು ಹೆಸರು ಹೇಳುತ್ತಿತ್ತು.

* * *

ಮುಕುಂದ್ ಕೂಡ ಅದೇ ಹೆಸರು ಹೇಳಿದ. ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದವನು, ಶ್ರೀರಾಮನ ಬಾಲ್ಯದ ಗೆಳೆಯ. ಡಬ್ಬಿ ತಂದವನೂ ಅವನೇ, ವೈರು ಎಳೆದವನೂ ಅವನೇ. ಹಳೆಯ ಮನೆಯ ಮೇಲೆ ಹೊಸ ಮಹಡಿ ಕಟ್ಟಿಸುತ್ತಿದ್ದ. ಮಾವಿನ ಕಾಲ, ಕೂಲಿಯವರೆಲ್ಲ ಮಂಡಿಗೆ ಹೋಗಿದ್ದರಿಂದ ಕೆಲಸ ನಿಂತಿತ್ತು. ಹೆಣ ಸಾಗಿಸುವಾಗ ಸುಂದರಾಬಾಯಿಯನ್ನು ಹಿಡಿದುಕೊಂಡು ನಿಂತಿದ್ದವನೂ ಅವನೇ. ಅವನ ಕಣ್ಣು ಕೆಂಪಗಾಗಿತ್ತು.

ಹಿಂದಿನ ದಿನ ಊಟಕ್ಕೆ ಬಂದವನು ತಲೆನೋವೆಂದು ಆಫೀಸಿಗೆ ಮರಳಲಿಲ್ಲ ಎಂದ. ಮನೆಯಲ್ಲಿ ಕೂತು, ಕೋಲಾರದಲ್ಲಿರುವ ತನ್ನ ಹುಡುಗಿ ನಂದಿತಾಳೊಂದಿಗೆ ಕಂಪ್ಯೂಟರಿನಲ್ಲಿ ಚಾಟ್ ಮಾಡುತ್ತಿದ್ದನಂತೆ. ಮಧ್ಯಾಹ್ನವೆಲ್ಲ ಅದೇ. ಕೊನೆಗೆ ಇದ್ದಕ್ಕಿದ್ದಂತೆ ನೆಟ್ ಕಡಿಯಿತು. ಎದ್ದು ಕಿಟಕಿಯಲ್ಲಿ ನೋಡಿದರೆ ಕದಿರೇಶ ಬೀದಿಯಲ್ಲಿ ಓಡುತ್ತಿದ್ದ, ಕೈಯಲ್ಲಿ ಮಚ್ಚು.

“ಅವನು ಇದನ್ನೆಲ್ಲ ಒಡೆದಾಗಲೇ ನನ್ನ ನೆಟ್ ಹೋಗಿರಬೇಕು ಮೇಡಂ. ನಾನು ಆಗಲೇ ಎದ್ದು ಬಂದಿದ್ರೆ ಶ್ರೀರಾಮ ಉಳೀತಿದ್ನೇನೋ.”

ಹೇಳಿ ಮುಖ ಮುಚ್ಚಿಕೊಂಡ. ಗಂಗುಲಪ್ಪ ಅವನ ಬೆನ್ನು ತಟ್ಟಿದರು.

ಚಾಟ್ ಕಂಪನಿಗೂ ಫೋನಿನವರಿಗೂ ಗಂಗಾಲಕ್ಷ್ಮಿ ಬರೆದು ಕೇಳಿದಳು. ಕೆಲವು ದಿನಗಳಲ್ಲಿ ಉತ್ತರ ಬಂತು. ಮುಕುಂದ್ ಹೇಳಿದ್ದು ನಿಜ. ಆ ಮಧ್ಯಾಹ್ನ ಅವನ ಹೆಸರಿನಲ್ಲಿ ನಡೆದ ಚಾಟ್ ಈ ಮನೆಯ ಲೈನಿನಿಂದಲೇ ಹೋಗಿತ್ತು.

* * *

ಅಷ್ಟರಲ್ಲಿ ಕದಿರೇಶನ ಜಾಡು ಸಿಕ್ಕಿತ್ತು. ಆಂಧ್ರದ ಗಡಿಯಂಚಿನ ಒಂದು ಮಾವಿನ ತೋಪಿನಲ್ಲಿ ಅಡಗಿದ್ದ. ಪೊಲೀಸರು ಬೆಳಗ್ಗೆಯೇ ತೋಪನ್ನು ಸುತ್ತುವರಿದರು. ಮರದ ಕೆಳಗೆ ಕಾವಲುಗಾರರ ಗುಡಿಸಲು. ಗಂಗುಲಪ್ಪ ತೆಲುಗಿನಲ್ಲಿ ಹೆಸರು ಹಿಡಿದು ಕೂಗುತ್ತ ಬಾಗಿಲ ಬಳಿ ಹೋದರು. ಓಡಬೇಡ, ನಿನ್ನನ್ನು ಯಾರೂ ಹೊಡೆಯುವುದಿಲ್ಲ ಎಂದು ಹೇಳುತ್ತಲೇ ಇದ್ದರು.

ಗರಿಯ ತಡಿಕೆ ಸೀಳಿಕೊಂಡು ಕದಿರೇಶ ಹೊರಬಂದ. ಕೈಯಲ್ಲಿದ್ದ ಮಚ್ಚು ಬೀಸಿದ. ಗಂಗುಲಪ್ಪನವರ ಎಡ ಮುಂಗೈ ಮೂಳೆಯ ತನಕ ಬಿರಿಯಿತು. ಅವರು ನಿಂತಲ್ಲೇ ಕುಸಿದು ಕೂತರು. ಉದುರಿದ ಎಲೆಗಳ ಮೇಲೆ ರಕ್ತ ತಟತಟ ಬಿತ್ತು. ಕದಿರೇಶ ಮರಗಳ ನಡುವೆ ಓಡಿದ. ಗಂಗಾಲಕ್ಷ್ಮಿ ಬೆನ್ನಟ್ಟಿದಳು. ಬೇಲಿಯ ಮುಳ್ಳುತಂತಿಗೆ ಅವನ ಪಂಚೆ ಸಿಕ್ಕಿಕೊಂಡಿತು. ತಿರುಗಿ ಮಚ್ಚು ಎತ್ತಿದ. ಅವಳು ಲಾಠಿಯಿಂದ ಮಣಿಕಟ್ಟಿಗೆ ಹೊಡೆದಳು. ಮಚ್ಚು ಬಿತ್ತು. ಮತ್ತೆ ಹೊಡೆದಳು, ಈ ಸಲ ಕುತ್ತಿಗೆಯ ಬುಡಕ್ಕೆ. ಅವನು ತಂತಿಯ ಮೇಲೆಯೇ ಕುಸಿದ. ಎದೆಯುದ್ದಕ್ಕೂ ಮುಳ್ಳು ಗೀರಿತು.

“ನೇನು ಸಂಪಲೇದು,” ಎಂದ. ನಾನು ಕೊಂದಿಲ್ಲ.

ಉಳಿದ ಪೊಲೀಸರು ಬಂದು ಅವನ ಮೇಲೆ ಬಿದ್ದರು. ಗಂಗುಲಪ್ಪನವರ ರಕ್ತ ನೋಡಿದ್ದರು, ಅವರಿಗೆ ತಡೆಯಲಿಲ್ಲ. ಬೂಟುಗಾಲಿನಲ್ಲಿ ತುಳಿದರು. ಅವನು ಒದೆ ತಿನ್ನುತ್ತ ಅದೇ ಮಾತು ಹೇಳುತ್ತಿದ್ದ. ಗಂಗಾಲಕ್ಷ್ಮಿ ಇಬ್ಬರನ್ನು ಕೊರಳಪಟ್ಟಿ ಹಿಡಿದು ಎಳೆದ ಮೇಲೆಯೇ ಅದು ನಿಂತಿತು.

ಠಾಣೆಯಲ್ಲಿ ಅವನು ಮುಚ್ಚಿಡಲಿಲ್ಲ. ಆ ಮಧ್ಯಾಹ್ನ ಮಚ್ಚು ಹಿಡಿದು ಆ ಮನೆಗೆ ಹೋದದ್ದು ಹೌದು. ಕೊಲ್ಲಲೆಂದೇ ಹೋದದ್ದು. ಹಳ್ಳಿಯಲ್ಲಿ ತಂಗಿ ಅನ್ನ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು, ನೋಡಲಾಗಿರಲಿಲ್ಲ. ಆದರೆ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಶ್ರೀರಾಮ್ ಆಗಲೇ ಸತ್ತು ಬಿದ್ದಿದ್ದ. ಹೆದರಿ ಓಡಿ ಬಂದೆ ಎಂದ.

“ಕೋಣೇಲಿ ಬೇರೆ ಯಾರಿದ್ರು?”

“ಯಾರೂ ಇಲ್ಲ ಮೇಡಂ. ಬಚ್ಚಲ ಬಾಗಿಲು ಮುಚ್ಚಿತ್ತು. ಆ ಕಂಪ್ಯೂಟರ್ ಒಂದು ಟಿಣ್ ಟಿಣ್ ಅಂತಿತ್ತು.”

ಅವಳು ಮುಂದಕ್ಕೆ ಬಾಗಿದಳು. “ಕಂಪ್ಯೂಟರ್ ಒಡೆದುಹೋಗಿತ್ತಲ್ಲ?”

“ಇಲ್ಲ ಮೇಡಂ, ನೆಟ್ಟಗಿತ್ತು. ಉರೀತಿತ್ತು. ಕೆಳಗಡೆ ಒಂದು ಸಣ್ಣ ಚೌಕ ಮಿಣಕ್ ಮಿಣಕ್ ಅನ್ನೋದು, ಟಿಣ್ ಅನ್ನೋದು. ಹೆಣದ ಪಕ್ಕದಲ್ಲಿ ಅದನ್ನ ಕೇಳೇ ನಂಗೆ ಭಯ ಆಗಿದ್ದು.”

ಗಂಗುಲಪ್ಪ ಕೈಗೆ ಹೊಲಿಗೆ ಹಾಕಿಸಿಕೊಂಡು ಬಂದು ಮೂಲೆಯಲ್ಲಿ ಕೂತಿದ್ದರು. ಇವನು ಕಥೆ ಕಟ್ಟುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಿತ್ತು. ಗಂಗಾಲಕ್ಷ್ಮಿಗೆ ಇರಲಿಲ್ಲ. ಕಥೆ ಕಟ್ಟುವವನು ತಾನು ಆ ಮನೆಗೆ ಹೋಗಲೇ ಇಲ್ಲ ಎನ್ನುತ್ತಾನೆ. ಇಲ್ಲದ ಸದ್ದನ್ನು ಯಾಕೆ ಸೇರಿಸುತ್ತಾನೆ? ಅದೂ ಅಲ್ಲದೆ ಆ ತಿರುಪುಗಳು. ಕೋಪದಲ್ಲಿ ಮಚ್ಚು ಬೀಸುವವನು ಕೂತು ತಿರುಪು ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆಯುವುದಿಲ್ಲ. ಅದು ಎಲ್ಲಿರುತ್ತದೆಂದೇ ಅವನಿಗೆ ತಿಳಿಯದು. ಶ್ರೀರಾಮನನ್ನು ಕೊಂದದ್ದು ಮಚ್ಚೂ ಅಲ್ಲ.

ಟಿಣ್ ಎನ್ನುವುದು ಚಾಟಿನಲ್ಲಿ ಸಂದೇಶ ಬಂದಾಗಿನ ಸದ್ದು. ಹಾಗಾದರೆ ಸತ್ತವನ ಕಂಪ್ಯೂಟರಿಗೆ ಆ ಹೊತ್ತಿನಲ್ಲಿ ಸಂದೇಶ ಕಳಿಸುತ್ತಿದ್ದವರು ಯಾರು?

* * *

ನಂದಿತಾ ಕೋಲಾರದಲ್ಲಿ ಕಾಲೇಜು ಉಪನ್ಯಾಸಕಿ. ಗಂಗಾಲಕ್ಷ್ಮಿ ಮಫ್ತಿಯಲ್ಲಿ ಅವಳ ಮನೆಗೆ ಹೋದಳು. ಮುಕುಂದನ ಹೇಳಿಕೆಯನ್ನು ಸರಿನೋಡಲು ಬಂದದ್ದಷ್ಟೇ ಎಂದಳು. ನಂದಿತಾಳ ತಾಯಿ ಕಾಫಿ ತಂದಿಟ್ಟು ಒಳಗೆ ಹೋದರು.

ಹೌದು, ಆ ಮಧ್ಯಾಹ್ನವೆಲ್ಲ ಮಾತಾಡಿದ್ದೆವು ಎಂದಳು ನಂದಿತಾ. ಅವನೇ ಶುರು ಮಾಡಿದ್ದ. ಮದುವೆ ಸೀರೆಯ ಬಣ್ಣ ಯಾವುದು, ಮುಹೂರ್ತದ ದಿನ ಯಾರು ಯಾರು ಬರುತ್ತಾರೆ ಎಂದೆಲ್ಲ ಕೇಳಿದ್ದ. ಎಂದಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿದ್ದ.

“ಮುಖ ನೋಡಿದ್ರಾ? ಕ್ಯಾಮೆರಾದಲ್ಲಿ?”

“ಇಲ್ಲ. ಬೇರೆ ದಿನ ಅವರೇ ಕ್ಯಾಮೆರಾ ಹಾಕ್ತಿದ್ರು. ಅವತ್ತು ಕೆಟ್ಟಿದೆ ಅಂದ್ರು.”

ನಡುವೆ ಏನಾದರೂ ನಿಂತಿತ್ತೇ ಎಂದು ಕೇಳಿದಳು ಗಂಗಾಲಕ್ಷ್ಮಿ. ನಂದಿತಾ ನೆನಪು ಮಾಡಿಕೊಂಡಳು. ಒಂದು ಸಲ ಅವನು ಇದ್ದಕ್ಕಿದ್ದಂತೆ ಸುಮ್ಮನಾಗಿದ್ದ. ಇವಳು ಏನಾಯಿತು, ಎಲ್ಲಿದ್ದೀರಿ ಎಂದು ಒಂದರ ಹಿಂದೆ ಒಂದು ಬರೆದು ಕಳಿಸಿದ್ದಳು. ಆಮೇಲೆ ಬಂದ. ಬಾಗಿಲಿಗೆ ಕೊರಿಯರ್ ಹುಡುಗ ಬಂದಿದ್ದ ಎಂದ. ಮತ್ತೆ ತುಂಬ ಹೊತ್ತು ಮಾತಾಡಿದರು. ಕೊನೆಗೆ ನೆಟ್ ಕಡಿದುಹೋಯಿತು.

ಗಂಗಾಲಕ್ಷ್ಮಿಯ ಲೋಟ ತುಟಿಯ ಹತ್ತಿರವೇ ನಿಂತಿತು. ಇವಳು ಒಂದರ ಹಿಂದೆ ಒಂದು ಬರೆದಾಗ ಆ ಕಡೆ ಟಿಣ್ ಟಿಣ್ ಎಂದಿರಬೇಕು.

“ಅವರಿಗೆ ಏನಾದ್ರೂ ತೊಂದರೇನಾ ಮೇಡಂ?” ನಂದಿತಾ ಕೇಳಿದಳು.

ಗಂಗಾಲಕ್ಷ್ಮಿ ಆ ಹುಡುಗಿಯ ಮುಖ ನೋಡಿದಳು. ಮದುವೆಗೆ ಹೊಲಿಸಿದ ರವಿಕೆಗಳು ಮಂಚದ ಮೇಲೆ ಹರಡಿದ್ದವು. ಸ್ವಲ್ಪ ದಿನ ಅವನಿಗೆ ಫೋನು ಮಾಡಬೇಡಿ ಎಂದಷ್ಟೇ ಹೇಳಿ ಎದ್ದಳು.

* * *

ಮರುದಿನ ಅವಳು ಶ್ರೀರಾಮನ ಕೋಣೆಯ ಸೀಲು ತೆಗೆಸಿದಳು. ಡಬ್ಬಿಯ ಮುಂದೆ ನಿಂತಳು. ನೀಲಿ ವೈರು ಅದರಲ್ಲಿ ಭದ್ರವಾಗಿ ಕೂತಿತ್ತು. ಲಕೋಟೆಯಲ್ಲಿದ್ದ ಚೂರಿನ ಬಣ್ಣ ಅವಳಿಗೆ ನೆನಪಾಯಿತು. ವೈರಿನ ಮೇಲೆ ಬೆರಳಿಟ್ಟು ಅದು ಹೋದಲ್ಲಿಗೆ ಹೋದಳು. ಗೋಡೆಯ ಮೇಲಿನ ಗವಾಕ್ಷಿಯಿಂದ ಅದು ತಾರಸಿಗೆ ಇಳಿದಿತ್ತು. ನೀರಿನ ಡ್ರಮ್ಮಿನ ಹಿಂದೆ ಹಾದು, ಪ್ಯಾರಾಪೆಟ್ಟಿನ ಕಬ್ಬಿಣದ ಕೊಕ್ಕೆಗೆ ಬಿಗಿದು, ಅಲ್ಲಿಂದ ಬೀದಿಯ ಮೇಲೆ ಎದುರು ಮನೆಗೆ ಹೋಗಿತ್ತು. ಕೆಳಗಿಂದ ನೋಡಿದವರಿಗೆ ವೈರು ಎಂದಿನಂತೆ ಎಳೆದೇ ಇತ್ತು.

ಡ್ರಮ್ಮನ್ನು ಸರಿಸಿದಳು. ಅದರ ಹಿಂದೆ, ಕೊಕ್ಕೆಗೆ ಮುಂಚೆ, ವೈರು ಎರಡು ತುಂಡಾಗಿತ್ತು. ಇಲಿ ಕಡಿದದ್ದಲ್ಲ. ನೇರವಾದ ತುಂಡು.

ಗಂಗುಲಪ್ಪ ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಬಗ್ಗಿ ನೋಡಿದರು. ಆಮೇಲೆ ಎದುರು ಮನೆಯ ಕಿಟಕಿಯ ಕಡೆ ನೋಡಿದರು.

“ಕರ್ಕೊಂಡು ಬರ್ಲಾ ಮೇಡಂ?”

“ಕರೀರಿ. ಸಾಕ್ಷಿಗೆ ಅಂತ ಹೇಳಿ.”

* * *

ಮುಕುಂದ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ತಾರಸಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಕದಿರೇಶನ ಮೇಲೆ ಚಾರ್ಜ್‌ಶೀಟು ಯಾವಾಗ ಎಂದು ಕೇಳಿದ.

ಆ ಮಧ್ಯಾಹ್ನ ನೀವು ಚಾಟ್ ಮಾಡಿದ್ದು ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ತಾನೆ ಎಂದು ಗಂಗಾಲಕ್ಷ್ಮಿ ಕೇಳಿದಳು. ಹೌದು ಎಂದ. ಬೇರೆ ಎಲ್ಲೂ ಅಲ್ಲ? ಅಲ್ಲ. ಆ ಮೇಲೆ ನೆಟ್ ಹಾಕಿ ನೋಡಿದಿರಾ? ಹೇಗೆ ನೋಡುವುದು ಮೇಡಂ, ಮೋಡೆಮ್ಮೇ ಒಡೆದಿದೆಯಲ್ಲ ಎಂದ.

ಅವಳು ಡ್ರಮ್ಮಿನ ಹಿಂದಿನ ವೈರನ್ನು ಎತ್ತಿ ಹಿಡಿದಳು. ಎರಡು ತುದಿ, ಎರಡು ಕೈಯಲ್ಲಿ.

ಅವನ ಮುಖ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ನಗಲು ನೋಡಿದ. ಯಾರೋ ಆಮೇಲೆ ಕತ್ತರಿಸಿರಬೇಕು, ತಾರಸಿಗೆ ಯಾರು ಬೇಕಾದರೂ ಬರಬಹುದು ಎಂದ.

“ಕತ್ತರಿಸಿದ್ದು ಶ್ರೀರಾಮ್,” ಎಂದಳು ಗಂಗಾಲಕ್ಷ್ಮಿ. “ಕತ್ತರಿಸಿದ ಪ್ಲೇಯರ್ ಅವನ ಜೇಬಲ್ಲಿತ್ತು. ನಿಮ್ಮ ವೈರಿನ ಚೂರು ಅದರ ಬಾಯಲ್ಲೇ ಇತ್ತು. ಅದರ ಮೇಲೆ ಅವನ ರಕ್ತ ಒಣಗಿತ್ತು. ನೀವು ಅವನನ್ನ ಹೊಡೆಯೋಕೆ ಮುಂಚೆನೇ ನಿಮ್ಮ ಮನೆಗೆ ನೆಟ್ ನಿಂತುಹೋಗಿತ್ತು ಮುಕುಂದ್. ಅದು ನಿಮಗೆ ಗೊತ್ತೇ ಇರಲಿಲ್ಲ.”

ಮುಕುಂದ್ ಮೆಲ್ಲಗೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಪ್ಯಾರಾಪೆಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದ ಹೂಕುಂಡಗಳಲ್ಲಿ ಒಂದು ಅವನ ಕೈಗೆ ಸಿಕ್ಕಿತು. ಅದು ಬಂದದ್ದು ಅವಳಿಗೆ ಕಾಣಲೇ ಇಲ್ಲ. ಹಣೆಯ ಮೇಲೆ ಒಡೆಯಿತು. ಮಣ್ಣು, ರಕ್ತ ಒಟ್ಟಿಗೆ ಕಣ್ಣಿಗೆ ಇಳಿದವು. ಮಂಡಿ ಕುಸಿಯಿತು. ಅವನು ಮೆಟ್ಟಿಲ ಕಡೆ ನುಗ್ಗಿದ. ಅಡ್ಡ ಬಂದ ಗಂಗುಲಪ್ಪನವರ ಬ್ಯಾಂಡೇಜಿನ ಕೈಯನ್ನೇ ಹಿಡಿದು ತಿರುಚಿದ. ಹೊಲಿಗೆ ಬಿಚ್ಚಿ ಬಟ್ಟೆ ಕೆಂಪಾಯಿತು. ಅವರು ಹಲ್ಲು ಕಚ್ಚಿ ಅವನ ಅಂಗಿ ಬಿಡಲಿಲ್ಲ.

ಗಂಗಾಲಕ್ಷ್ಮಿ ತೆವಳಿಕೊಂಡೇ ಅವನ ಕಾಲು ಹಿಡಿದಳು. ಅವನು ಒದ್ದ. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಬಿಡಲಿಲ್ಲ. ಎಳೆದಳು. ಅವನು ಬೋರಲು ಬಿದ್ದ, ದವಡೆ ತಾರಸಿಯ ಅಂಚಿಗೆ ಬಡಿಯಿತು. ಮತ್ತೆ ಏಳಲು ನೋಡಿದಾಗ ಅವಳು ಬೆನ್ನಿನ ಮೇಲೆ ಮಂಡಿಯೂರಿ, ಅವನ ತೋಳನ್ನು ಭುಜದ ತನಕ ಮೇಲಕ್ಕೆ ತಿರುಚಿದಳು. ಅವನು ಕೂಗಿದ. ಬೇಡಿ ಬಿತ್ತು.

ಕೆಳಗೆ ಬೀದಿಯಲ್ಲಿ ಜನ ಸೇರಿದ್ದರು. ಸುಂದರಾಬಾಯಿ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಮುಕುಂದನನ್ನು ಮೆಟ್ಟಿಲಿಳಿಸಿ ಅವರ ಮುಂದೆಯೇ ಕರೆದೊಯ್ಯಬೇಕಾಯಿತು. ಅವರು ಕೈಯೆತ್ತಲಿಲ್ಲ, ಶಪಿಸಲಿಲ್ಲ. “ನಮ್ಮನೇಲಿ ಊಟ ಮಾಡಿ ಬೆಳೆದವನು ಕಣೋ ನೀನು,” ಎಂದರು ಅಷ್ಟೇ.

* * *

ಸರ್ಕಲ್ ಇನ್ಸ್‌ಪೆಕ್ಟರ್ ಭೀಮರಾಜ್ ಕೋಲಾರದಿಂದ ಬಂದರು. ಹಣೆಗೆ ಹೊಲಿಗೆ, ಪಕ್ಕೆಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಗಂಗಾಲಕ್ಷ್ಮಿಯನ್ನು ಒಂದೇ ಮಾತು ಕೇಳಿದರು. ಚಾಟ್ ಆ ಮನೆಯ ಲೈನಿನಿಂದಲೇ ಹೋಗಿದೆ ಎಂದು ಕಂಪನಿಯೇ ಬರೆದುಕೊಟ್ಟಿರುವಾಗ ಇವನು ಸುಳ್ಳು ಹೇಳುತ್ತಿದ್ದಾನೆಂದು ಹೇಗೆ ಗೊತ್ತಾಯಿತು?

ಅವಳು ವಿವರಿಸಿದಳು. ಕಂಪನಿಗೆ ಕಾಣುವುದು ಲೈನು ಒಂದೇ. ಅದರ ಈ ತುದಿಯ ಮೂರು ಕಂಪ್ಯೂಟರುಗಳಲ್ಲಿ ಯಾವುದು ಎಂದು ಕಾಣುವುದಿಲ್ಲ. ಫೋಟೋ ಕಳಿಸಿದಾಗ ಶ್ರೀರಾಮನ ತಲೆಗೆ ಕಟ್ಟಿದ್ದೂ ಅದೇ, ಈಗ ಮುಕುಂದನನ್ನು ಕಾಪಾಡಿದ್ದೂ ಅದೇ. ಚಿತ್ರಾಳ ಮನೆಗೆ ಬೀಗ ಬಿದ್ದಿತ್ತು. ಮುಕುಂದನ ವೈರು ತುಂಡಾಗಿತ್ತು. ಉಳಿದದ್ದು ಒಂದೇ ಕಂಪ್ಯೂಟರು, ಶ್ರೀರಾಮನದು. ಕದಿರೇಶ ಅಲ್ಲಿ ಕೇಳಿದ ಟಿಣ್ ಟಿಣ್ ನಂದಿತಾಳ ಸಂದೇಶಗಳದು. ಮುಕುಂದ್ ಸುಮ್ಮನಾದದ್ದು ಕೊರಿಯರ್ ಬಂದದ್ದಕ್ಕಲ್ಲ. ಕದಿರೇಶ ಮೆಟ್ಟಿಲು ಹತ್ತುವ ಸದ್ದಿಗೆ ಬಚ್ಚಲಲ್ಲಿ ಅಡಗಿ, ಬಾಗಿಲ ಸಂದಿಯಿಂದ ಅವನನ್ನೂ ಮಚ್ಚನ್ನೂ ನೋಡಿದ್ದ. ಕದಿರೇಶ ಓಡಿಹೋದ ಮೇಲೆ ಹೊರಬಂದು, ಹೆಣ ಕಾಲ ಬುಡದಲ್ಲಿರುವಾಗ, ಮತ್ತೆ ಕೂತು ಸೀರೆಯ ಬಣ್ಣದ ಮಾತಾಡಿದ್ದಾನೆ. ಕ್ಯಾಮೆರಾ ಕೆಟ್ಟಿದೆ ಎಂದದ್ದು ಅದಕ್ಕೇ. ಅವನ ಮನೆಯ ಕ್ಯಾಮೆರಾ ಚೆನ್ನಾಗಿಯೇ ಇತ್ತು.

ಉಳಿದದ್ದನ್ನು ಮುಕುಂದನೇ ಹೇಳಿದ. ಊದಿದ ದವಡೆಯಲ್ಲಿ ಮಾತು ತೊದಲುತ್ತಿತ್ತು. ಚಿತ್ರಾಳನ್ನು ಅವನು ಬಯಸಿದ್ದ. ನಂದಿತಾಳೊಂದಿಗೆ ಮದುವೆ ಗೊತ್ತಾಗಿರುವಾಗ ಇದೇನು ಎಂದು ಅವಳು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಮನೆಯ ಪಕ್ಕಕ್ಕೆ ಚಾಚಿದ್ದ ಅವಳ ಬಚ್ಚಲಿಗೆ ಮೇಲ್ಛಾವಣಿ ಅರ್ಧಕ್ಕೆ ಮಾತ್ರ ಇತ್ತು. ಕಟ್ಟುತ್ತಿದ್ದ ಮಹಡಿಯಿಂದ ಕ್ಯಾಮೆರಾ ಹಿಡಿದ. ತನಗೆ ಒಲ್ಲೆ ಎಂದವಳು ಇನ್ನೊಬ್ಬನ ಮನೆ ಸೇರಬಾರದೆಂದು ಮಾಲೂರಿನ ಹುಡುಗನಿಗೆ ಕಳಿಸಿದ.

ಮೂರು ಕಂಪ್ಯೂಟರೂ ಒಂದೇ ಡಬ್ಬಿಗೆ ಸೇರಿದ್ದರಿಂದ, ತೆರೆದಿಟ್ಟ ಕಡತಗಳು ಒಬ್ಬರದು ಇನ್ನೊಬ್ಬರಿಗೆ ಕಾಣುತ್ತಿದ್ದವು. ಹಾಡು ಹಂಚಿಕೊಳ್ಳಲು ಅವನು ತೆರೆದಿಟ್ಟಿದ್ದ ಜಾಗದೊಳಗೆ ಹುಡುಕುತ್ತ ಹೋದ ಶ್ರೀರಾಮನಿಗೆ ಆ ಫೋಟೋಗಳು ಸಿಕ್ಕಿದವು. ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಆ ಲೈನಿನಿಂದ ಮುಕುಂದ್ ಇನ್ನು ಯಾರಿಗೂ ಫೋಟೋ ಕಳಿಸದಂತೆ, ಅವನು ಊಟಕ್ಕೆ ಬರುವ ಮುಂಚೆಯೇ ಶ್ರೀರಾಮ್ ತಾರಸಿಗೆ ಹೋಗಿ ನೀಲಿ ವೈರು ತುಂಡು ಮಾಡಿದ. ಆಮೇಲೆ ಅಲ್ಲಿಂದಲೇ ಕರೆದು, ನೀನು ಮಾಡಿದ್ದು ನೋಡಿದೆ, ಇಲ್ಲಿ ಬಾ ಎಂದ. ವೈರಿನ ವಿಷಯ ಹೇಳಲಿಲ್ಲ.

“ಠಾಣೆಗೆ ನೀನೇ ನಡಿ, ನಾನು ಜೊತೇಲಿ ಬರ್ತೀನಿ ಅಂದ,” ಎಂದ ಮುಕುಂದ್. “ಗೆಳೆಯ ಅಂತ ಹಾಗಂದ.”

ಅವನು ಬೀದಿ ದಾಟುವಾಗಲೇ ತನ್ನ ಕಟ್ಟಡದ ಕಬ್ಬಿಣದ ಸರಳೊಂದನ್ನು ಎತ್ತಿಕೊಂಡಿದ್ದ. ಮೊದಲ ಏಟಿಗೆ ಶ್ರೀರಾಮ್ ಅವನ ಹೆಸರು ಹಿಡಿದು ಕೂಗಿದನಂತೆ. ಅದನ್ನು ನಿಲ್ಲಿಸಲು ಮತ್ತೆ ಮತ್ತೆ ಹೊಡೆದೆ ಎಂದ. ಬೀದಿ ಖಾಲಿಯಾಗುವ ತನಕ ಹೊರಗೆ ಹೋಗುವಂತಿರಲಿಲ್ಲ, ಆ ಹೊತ್ತಿನಲ್ಲಿ ತಾನು ಮನೆಯಲ್ಲಿದ್ದಂತೆ ತೋರಲಿ ಎಂದು ಅಲ್ಲೇ ಕೂತು ಚಾಟ್ ಶುರು ಮಾಡಿದ. ಚಾಟ್ ಮುಗಿದ ಮೇಲೆ ಹಾರ್ಡ್ ಡಿಸ್ಕ್ ಕಿತ್ತು, ಉಳಿದದ್ದನ್ನು ಒಡೆದು, ಬಚ್ಚಲಲ್ಲಿ ರಕ್ತ ತೊಳೆದುಕೊಂಡು ಮನೆಗೆ ಹೋದ. ಸರಳೂ ಹಾರ್ಡ್ ಡಿಸ್ಕೂ ಅವನ ಮನೆಯ ನೀರಿನ ಸಂಪಿನಲ್ಲಿ ಸಿಕ್ಕವು. ಮೋಡೆಮ್ಮನ್ನು ಅವನು ಒಡೆಯದಿದ್ದರೆ, ಮನೆಗೆ ಹೋಗಿ ನೆಟ್ ಹಾಕಿದಾಗಲೇ ವೈರು ತುಂಡಾದದ್ದು ಅವನಿಗೆ ತಿಳಿಯುತ್ತಿತ್ತು.

* * *

ಒಂದು ಕೆಲಸ ಉಳಿದಿತ್ತು. ಕೊಲೆಗೆ ಕಾರಣ ಆ ಫೋಟೋಗಳು. ಅದನ್ನು ಕೋರ್ಟಿನಲ್ಲಿ ಹೇಳಬೇಕಾದವಳು ಚಿತ್ರಾ. ಕದಿರೇಶ ಲಾಕಪ್ಪಿನ ಕಂಬಿ ಹಿಡಿದು ಬೇಡಿಕೊಂಡ. ತನ್ನ ಮೇಲೆ ಪೊಲೀಸರಿಗೆ ಮಚ್ಚು ಬೀಸಿದ ಕೇಸು ಇರಲಿ, ಎಷ್ಟು ವರ್ಷವಾದರೂ ಜೈಲಿನಲ್ಲಿರುತ್ತೇನೆ, ತಂಗಿಯನ್ನು ಮಾತ್ರ ಸಾಕ್ಷಿಯ ಕಟ್ಟೆ ಹತ್ತಿಸಬೇಡಿ ಎಂದ. ಗಂಗಾಲಕ್ಷ್ಮಿ ಬಲವಂತ ಮಾಡುವುದಿಲ್ಲ ಎಂದಳು. ಹಳ್ಳಿಗೂ ಹೋಗಲಿಲ್ಲ.

ಚಿತ್ರಾ ತಾನಾಗಿಯೇ ಬಂದಳು, ಒಬ್ಬಳೇ, ಬಸ್ಸಿನಲ್ಲಿ. ತುಂಬ ಸೊರಗಿದ್ದಳು. ಅಣ್ಣನ ಕಡೆ ನೋಡಿದಳು, ಆಮೇಲೆ ಮೇಜಿನ ಮುಂದೆ ಕೂತಳು.

“ನನ್ನ ಮಾನ ಉಳಿಸೋಕೆ ಹೋಗಿ ಆ ಹುಡುಗ ಸತ್ತ,” ಎಂದಳು. “ನಮ್ಮಣ್ಣನ ಕೈಲಿ ಒದೆ ತಿಂದ್ರೂ ಬಿಡಲಿಲ್ಲ. ನಾನು ಒಂದಿನ ಕೋರ್ಟಲ್ಲಿ ನಿಂತು ಮಾತಾಡಿದ್ರೆ ಸಾಯಲ್ಲ ಮೇಡಂ. ಬರ್ಕೊಳಿ.”

ಕೋಲಾರದ ಸೆಷನ್ಸ್ ಕೋರ್ಟಿನಲ್ಲಿ ಅವಳು ಮಾತಾಡಿದಳು. ಎದುರು ವಕೀಲರು ಕೇಳಬಾರದ್ದನ್ನೆಲ್ಲ ಕೇಳಿದರು. ಅವಳ ದನಿ ಎರಡು ಸಲ ಒಡೆಯಿತು, ಆದರೂ ಒಂದಕ್ಕೂ ಉತ್ತರ ತಪ್ಪಿಸಲಿಲ್ಲ. ನಂದಿತಾಳೂ ಸಾಕ್ಷಿ ಹೇಳಿದಳು, ಮುಕುಂದನ ಕಡೆ ಒಮ್ಮೆಯೂ ನೋಡದೆ. ಮುಕುಂದನಿಗೆ ಜೀವಾವಧಿ ಶಿಕ್ಷೆಯಾಯಿತು.

ಸಾಕ್ಷಿ ಹೇಳಿ ಹೊರಬಂದ ದಿನ ಕೋರ್ಟಿನ ಮೆಟ್ಟಿಲ ಬಳಿ ಸುಂದರಾಬಾಯಿ ಚಿತ್ರಾಳಿಗಾಗಿ ಕಾಯುತ್ತಿದ್ದರು. ಹಿಂಭಾಗದ ಮನೆ ಹಾಗೇ ಇದೆ, ಬಚ್ಚಲಿಗೆ ಪೂರ್ತಿ ಚಾವಣಿ ಹಾಕಿಸಿದ್ದೇನೆ ಎಂದರು. ಚಿತ್ರಾ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಬಿಡಲಿಲ್ಲ, ಅವಳ ಮೊಣಕೈ ಹಿಡಿದು ನಡೆಸಿಕೊಂಡು ಹೋದರು. ಇಬ್ಬರೂ ಶ್ರೀನಿವಾಸಪುರದ ಬಸ್ಸು ಹತ್ತಿದರು.